ಏರ್ ಮಾರ್ಷಲ್ ತೊಡಲೊಪ್ಪದ ಹೆಲ್ಮೆಟ್

"ಲೇ ಆಂಜಿ, ಬೀಗದ ಕೈ ಇದ್ದಿದ್ದು ನಿನ್ ಹತ್ರ. ಹೆಲ್ಮೆಟ್ ತಾನಾಗೇ ಹಾರ್ಹೋಯ್ತಾ? ಇವತ್ತು ಸಾಹೇಬ್ರ ಸನ್ಮಾನದೊಳಗೆ ಸಿಗಲಿಲ್ಲಾಂದ್ರೆ ಕೆಲಸಾನೂ ಇಲ್ಲ, ಪೊಲೀಸ್‌ಗೂ ಹಿಡ್ದು ಕೊಡ್ತೀನಿ!" ಟೇಕಲ್ ಶಾಲೆಯ ಸಮಿತಿ ಅಧ್ಯಕ್ಷ ಗಂಗುಲಪ್ಪ ಗುಡುಗಿದ.

ಜವಾನ ಆಂಜಿ ತಲೆ ತಗ್ಗಿಸಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

ಮಾಲೂರಿನಿಂದ ಫೋಟೋ ತೆಗೆಯಲು ಹಿಂದಿನ ದಿನವೇ ಬಂದಿದ್ದ ನರೇಶನಿಗೆ ತಲೆಬುಡ ತಿಳಿಯಲಿಲ್ಲ. ಗಾಜಿನ ಕಪಾಟಿನ ಬೀಗ ಮುರಿದಿರಲಿಲ್ಲ. ಬೆಳ್ಳಿಯ ಪದಕ, ಏರ್ ಮಾರ್ಷಲ್ ಸಾಹೇಬರ ಟೋಪಿ ಎಲ್ಲ ಇದ್ದವು. ಅವನ್ನು ಬಿಟ್ಟು ಹಳೇ ಹೆಲ್ಮೆಟ್ ಕದಿಯುವ ಪುಣ್ಯಾತ್ಮ ಯಾರಪ್ಪಾ? ಇದೇ ಶಾಲೆಯಲ್ಲಿ ಓದಿ, ಎನ್‌ಡಿಎ ಸೇನಾ ಅಕಾಡೆಮಿ ಸೇರಿ, ಏರ್ ಮಾರ್ಷಲ್ ಆಗಿ ನಿವೃತ್ತರಾದ ಶಿವಶಂಕರ್, ಉರಿಯುವ ವಿಮಾನವನ್ನು ಹೊಲಕ್ಕಿಳಿಸಿ ಪದಕ ಗೆದ್ದ ದಿನ ತೊಟ್ಟದ್ದು ಅದೇ ಎಂದು ಊರೆಲ್ಲ ನಂಬಿತ್ತು. ಅವರ ಅಕ್ಕ ಬೈರಮ್ಮ ತಮ್ಮನ ಟ್ರಂಕಿನಿಂದ ತೆಗೆದು ಶಾಲೆಗೆ ಕೊಟ್ಟಿದ್ದಳು.

ನರೇಶ್ ಶಾಮಲಮ್ಮನಿಗೆ ಫೋನ್ ಮಾಡಿದ. ಆಕೆ ನಿವೃತ್ತ ಇನ್‌ಸ್ಪೆಕ್ಟರ್. ಆಕೆಯ ಎಷ್ಟೋ ಪತ್ತೇದಾರಿಕೆಗೆ ನರೇಶನೇ ಜೊತೆಗಾರ. ಬಂದವಳೇ ಕೇಳಿದಳು, "ನಿನ್ನೆ ಏನಾಯ್ತು ಹೇಳಪ್ಪ."

ನರೇಶ್ ಹೇಳಿದ, "ಗಂಗುಲಪ್ಪನೋರು ಕಪಾಟು ತೆಗೆಸಿ, ಹೆಲ್ಮೆಟ್ ಹಾಕ್ಕೊಂಡು ಫೋಟೋ ತೆಗೆಸ್ಕೊಂಡ್ರು. ಬಿಗಿಯಾಗಿ ಸಿಕ್ಕಾಕ್ಕೊಂಡು ಕಿವಿ ಕೆಂಪಾಯ್ತು! ನಾಳೆ ಪೇಟ ಬೇಡ, ಇದನ್ನೇ ಸಾಹೇಬ್ರಿಗೆ ತೊಡಿಸಿ ಆರತಿ ಎತ್ತೋಣ ಅಂದ್ರು. ಸಾಹೇಬ್ರೂ ಅಲ್ಲೇ ಇದ್ರು, ಎಲ್ರೂ ಚಪ್ಪಾಳೆ ತಟ್ಟಿದ್ರು."

ಶಾಮಲಮ್ಮ ಕಪಾಟಿನ ಟೋಪಿಯನ್ನು ಗಂಗುಲಪ್ಪನ ತಲೆಗಿಟ್ಟಳು. ಅದು ಜಾರಿ ಮೂಗಿನ ಮೇಲೆ ಕೂತಿತು. ನರೇಶ್ ನಕ್ಕುಬಿಟ್ಟ, ಅವಳು ನಗಲಿಲ್ಲ. ಅವನಿಗೆ ಇನ್ನಷ್ಟು ಗೊಂದಲವಾಯಿತು.

ಸನ್ಮಾನಕ್ಕೆ ಮೊದಲು ಶಿವಶಂಕರ್, ಬೈರಮ್ಮ, ಗಂಗುಲಪ್ಪ, ಆಂಜಿ ಎಲ್ಲರನ್ನೂ ಕಪಾಟಿನ ಕೋಣೆಗೆ ಕರೆಸಿದಳು.

"ಬೆಳ್ಳಿ ಬಿಟ್ಟು ಹೋದವರಿಗೆ ಬೇಕಿದ್ದಿದ್ದು ಒಂದೇ, ಇವತ್ತು ಹೆಲ್ಮೆಟ್ ಇಲ್ಲಿರಬಾರ್ದು. ಗಂಗುಲಪ್ಪನೋರ ತಲೆಗೇ ಬಿಗಿಯಾದ ಹೆಲ್ಮೆಟ್ಟು, ಇಷ್ಟು ದೊಡ್ಡ ಟೋಪಿ ತೊಡೋರ ತಲೆಗೆ ಹಿಡಿಯೋದುಂಟಾ? ಅದು ಸಾಹೇಬ್ರದ್ದಲ್ಲ. ತೊಡಿಸೋಕೆ ಹೋಗಿದ್ರೆ ಎಲ್ರಿಗೂ ಗೊತ್ತಾಗೋದು. ಬೀಗ ಮುರಿದಿಲ್ಲ ಅಂದ್ರೆ ತೆಗೆದುಕೊಟ್ಟವನು ಆಂಜಿ. ಕಳ್ಳ ಅನ್ನಿಸ್ಕೊಂಡ್ರೂ ಅವನು ಹೆಸರು ಹೇಳದಷ್ಟು ದೊಡ್ಡೋರು ಈ ಊರಲ್ಲಿ ಯಾರಿದ್ದಾರೆ?"

ಆಂಜಿ ಗಳಗಳನೆ ಅತ್ತ. "ಬ್ಯಾಡಮ್ಮಾ, ನಾನೇ ಅಂತ ಬರ್ಕೊಳ್ಳಿ."

ಶಿವಶಂಕರ್ ಎದ್ದು ನಿಂತರು. "ನಾನೇ ತಗೊಂಡಿದ್ದು. ಅದು ನಂಗಲಿಯ ಕದಿರೇಶನದ್ದು, ನೆನಪಿಗೆ ಇಟ್ಕೊಂಡಿದ್ದೆ. ಅಕ್ಕ ನಂದೇ ಅಂದ್ಕೊಂಡು ಶಾಲೆಗೆ ಕೊಟ್ಲು. ಎನ್‌ಡಿಎಲಿ ಜೊತೆಗೇ ಓದಿದೋನು. ಆವತ್ತು ನಾನು ಪೆಟ್ಟಾಗಿ ಎಚ್ಚರ ತಪ್ಪಿದ್ದೆ, ಹಿಂದಿನ ಸೀಟಿಂದ ವಿಮಾನ ಇಳಿಸಿದ್ದು ಅವನು. ಆಸ್ಪತ್ರೇಲಿ ತೀರ್ಕೊಂಡ. ನಾನೇ ಇಳಿಸಿದೆ ಅಂತ ಎಲ್ಲರೂ ಹೊಗಳಿದ್ರು, ಸುಮ್ಮನಿದ್ದೆ. ಆ ಪದಕದಿಂದ ಬಡ್ತಿ ಮೇಲೆ ಬಡ್ತಿ ಬಂತು. ಇವತ್ತು ಆಂಜೀನ ಬೈತಿದ್ದಾಗಲೂ ಸುಮ್ಮನಿದ್ದೆ."

ನರೇಶನಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಯಾವುದು ಸರಿಯೋ ತಿಳಿಯಲಿಲ್ಲ.

ಶಿವಶಂಕರ್ ಆಂಜಿಯ ಕೈಹಿಡಿದು ಕ್ಷಮೆ ಕೇಳಿದರು. ಆಮೇಲೆ ಎಲ್ಲರೆದುರೇ ನಂಗಲಿಗೆ, ಕದಿರೇಶನ ಹೆಂಡತಿ ವಾಣಿಶ್ರೀಗೆ ಫೋನ್ ಮಾಡಿ, ತಡವರಿಸುತ್ತಾ ಎಲ್ಲ ಹೇಳಿದರು.

ಸ್ಪೀಕರಿನಲ್ಲಿ ವಾಣಿಶ್ರೀಯ ದನಿ ಎಲ್ಲರಿಗೂ ಕೇಳಿಸಿತು.

"ನಂಗೊತ್ತಿತ್ತಣ್ಣಾ. ಆಸ್ಪತ್ರೇಲಿ ಅವ್ರೇ ಹೇಳಿದ್ರು. ನೀನು ಯಾರಿಗೂ ಹೇಳ್ಬೇಡ, ಅವ್ನೇ ಬಂದು ಹೇಳ್ತಾನೆ ಅಂದಿದ್ರು. ಅಷ್ಟು ನಂಬಿದ್ರು ನಿಮ್ಮನ್ನ."