ಮುಂಚೆಯೇ ತುಂಬಿದ ಚಾರ್ಟು

"ಆಸ್ಪತ್ರಿ ಮ್ಯಾಲಿನ ಕೇಸು ವಾಪಸ್ ತಗೋತೀನ್ರಿ," ಎಂದ ಸಿದ್ದಲಿಂಗೇಶ್, ಮಿರ್ಚಿ ತಟ್ಟೆಯನ್ನು ಸೌಜನ್ಯಳ ಕಡೆ ಸರಿಸುತ್ತಾ.

ಮಿರ್ಚಿಗೆ ಚಾಚಿದ ಅವಳ ಕೈ ಅಲ್ಲೇ ನಿಂತಿತು. ಹಂಪಿಯ ಬಾಳೆತೋಟದ ಪಕ್ಕದ ಈ ಪುಟ್ಟ ಹೋಟೆಲಿಗೆ ಇಬ್ಬರೂ ಕದ್ದು ಬಂದದ್ದು ಇದು ಮೂರನೇ ಸಲ. ಇವತ್ತು ಮದುವೆಯ ಮಾತೆತ್ತುತ್ತಾನೆ ಎಂದುಕೊಂಡಿದ್ದಳು, ಹುಚ್ಚಿ!

"ಯಾಕ್ರಿ?"

"ಆಸ್ಪತ್ರಿ ವಕೀಲರು ಚಾರ್ಟು ಕೊಟ್ಟಾರ. ಆಪರೇಷನ್ ಆದಮ್ಯಾಲ ಅರ್ಧ ತಾಸಿಗೊಮ್ಮೆ ಅಪ್ಪನ ಬಿ.ಪಿ. ನೋಡ್ಯಾರ, ಎಲ್ಲಾ ನಾರ್ಮಲ್ ಐತಿ. ಕೆಳಗ ನಿಮ್ಮ ಸಹಿ." ಅವನು ನಕ್ಕ. ಆ ನಗುವಿಗೇ ಅವಳು ಸೋತಿದ್ದು. "ನೀವು ಬರೆದದ್ದು ಸುಳ್ಳಿರತೈತೇನು? ನಮ್ಮ ನಸೀಬು ಕೆಟ್ಟಿತ್ತು, ಅಷ್ಟ."

ಅವನ ಅಪ್ಪ, ಕಂಪ್ಲಿಯ ರೈಸ್ ಮಿಲ್ಲಿನ ತೋಟಪ್ಪ, ಹರ್ನಿಯಾ ಆಪರೇಷನ್ನಿಗೆಂದು ಸೌಜನ್ಯ ನರ್ಸಾಗಿದ್ದ ಹೊಸಪೇಟೆಯ ಆಸ್ಪತ್ರೆಗೆ ನಡೆದುಕೊಂಡೇ ಬಂದಿದ್ದರು. ಒಳಗೊಳಗೇ ರಕ್ತ ಸೋರಿ ಬಿ.ಪಿ. ಕುಸಿಯಿತು. ಅದು ತಿಳಿಯುವಷ್ಟರಲ್ಲಿ ಮೆದುಳಿಗೆ ರಕ್ತ ಸಾಲದೆ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಎಂಟು ತಿಂಗಳಿಂದ ಸೌಜನ್ಯ ರಜೆ ಸಿಕ್ಕಾಗಲೆಲ್ಲ ಕಂಪ್ಲಿಗೆ ಹೋಗಿ ಅವರಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಪಕ್ಕದಲ್ಲಿ ನಿಂತ ಮಗನ ಕಣ್ಣು ಅಪ್ಪನ ಕೈ ಮೇಲಿರುತ್ತಿತ್ತೋ, ಇವಳ ಜಡೆಯ ಮೇಲಿರುತ್ತಿತ್ತೋ, ದೇವರೇ ಬಲ್ಲ.

ಈಗ ಬಾಯಿ ಮುಚ್ಚಿಕೊಂಡರೆ ಸಾಕಿತ್ತು. ಕೇಸೂ ಮುಗಿಯುತ್ತಿತ್ತು, ಇವನೂ ದಕ್ಕುತ್ತಿದ್ದ.

"ಆ ಚಾರ್ಟು ಸುಳ್ರಿ," ಎಂದುಬಿಟ್ಟಳು.

ಸಿದ್ದಲಿಂಗೇಶನ ನಗು ಆರಿತು.

"ನಮ್ಮ ವಾರ್ಡಿನಾಗ ಡ್ಯೂಟಿಗೆ ಬಂದ ಕೂಡ್ಲೇ ಇಡೀ ಶಿಫ್ಟಿನ ಬಿ.ಪಿ. ಬರೆದಿಡ್ತಾರ. ರೌಂಡ್ಸಿನ್ಯಾಗ ಖಾಲಿ ಕಂಡ್ರ ಡಾಕ್ಟರು ಬೈತಾರಂತ. ಅವತ್ತು ಹದಿನಾಲ್ಕು ಬೆಡ್ಡಿಗೆ ನಾನೊಬ್ಬಾಕೆ. ನಾನೂ ಬರೆದಿಟ್ಟೆ. ಎರಡು ತಾಸು ನಿಮ್ಮಪ್ಪನ ಹತ್ರ ಹೋಗ್ಲೇ ಇಲ್ಲ."

"ಹಂಗಾದ್ರ ಇಷ್ಟು ದಿನ ಮನಿಗೆ ಬಂದದ್ದು? ಪಾಪ ತೊಳ್ಕೊಳ್ಳಾಕ?"

"ಮೊದಲು ಹೌದ್ರಿ. ಆಮ್ಯಾಲ... ನಿಮ್ಮನ್ನ ನೋಡಾಕ."

ಅವನು ಎದ್ದ. ಬೈಕ್ ಸ್ಟಾರ್ಟ್ ಮಾಡಿದ, ಹಿಂದಿರುಗಿ ನೋಡಲಿಲ್ಲ. ಸೌಜನ್ಯ ಹೊಸಪೇಟೆಯವರೆಗೂ ಆಟೋದಲ್ಲಿ ಅಳುತ್ತಲೇ ಬಂದಳು. ಮರುದಿನ ಅವನ ವಕೀಲೆ ಪ್ರಿಯಂವದಾ ಅವರ ಆಫೀಸಿಗೆ ತಾನೇ ಹೋಗಿ ಎಲ್ಲವನ್ನೂ ಬರೆದುಕೊಟ್ಟಳು. ಸುದ್ದಿ ಮುಟ್ಟಿದ ದಿನವೇ ಆಸ್ಪತ್ರೆ ಅವಳನ್ನು ಕೆಲಸದಿಂದ ತೆಗೆಯಿತು.

ಕೇಸು ನಡೆಯಿತು. ಗ್ರಾಹಕರ ಕೋರ್ಟಿನಲ್ಲಿ ಅವಳನ್ನು ಪ್ರಶ್ನಿಸಲು ಆಸ್ಪತ್ರೆಯ ವಕೀಲ ಮನೋಹರ್ ಎದ್ದುನಿಂತರು. ಸಿದ್ದಲಿಂಗೇಶ್ ಎರಡನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ.

"ದೂರು ಕೊಟ್ಟೋರ ಜೊತಿ ಹಂಪಿಗೆ ಹೋಗಿದ್ರಿ, ಹೌದಲ್ಲ?"

"ಹೌದ್ರಿ."

"ಅವರನ್ನ ಪ್ರೀತಿ ಮಾಡ್ತೀರಿ?"

ಯಾರೋ ಕಿಸಕ್ಕೆಂದರು. ಅವಳ ಮುಖಕ್ಕೆ ರಕ್ತ ನುಗ್ಗಿತು. ಅವನಿಗೇ ಬಾಯಿಬಿಟ್ಟು ಹೇಳದ ಮಾತು, ಇಷ್ಟು ಜನರ ಮುಂದೆ ಹೆಂಗಪ್ಪಾ ಹೇಳೋದು!

"ಹೌದ್ರಿ. ಭಾಳ."

"ಅದಕ್ಕ ಅವರ ಪರ ಸುಳ್ಳು ಹೇಳ್ತಿದ್ದೀರಿ!"

"ಇಲ್ರಿ ಸಾರ್. ಮೊದಲು ನೌಕರಿಗೆ ಅಂಜಿ ಮುಚ್ಚಿಟ್ಟೆ. ಆಮ್ಯಾಲ ಇವ್ರನ್ನ ಕಳ್ಕೊಳ್ಳಾಕ ಅಂಜಿ ಮುಚ್ಚಿಟ್ಟೆ. ಈಗ ಎರಡೂ ಹೋದ್ವು. ಸುಳ್ಳು ಹೇಳಿ ನನಗ ಸಿಗೋದು ಏನೈತ್ರಿ?"

ಮನೋಹರ್ ಕಾಗದ ತಿರುವಿ ಕುಳಿತುಕೊಂಡರು. ಸಿದ್ದಲಿಂಗೇಶ್ ತಲೆ ಎತ್ತಿದ. ಕಣ್ಣು ಕೆಂಪಗಿದ್ದವು, ಆದರೆ ಅವಳ ಮೇಲಿಂದ ಕದಲಲಿಲ್ಲ.

ಸಾಕ್ಷಿ ಮುಗಿಸಿ ಮೆಟ್ಟಿಲಿಳಿಯುವಾಗ ಅವನು ಅಡ್ಡ ಬಂದು ನಿಂತ.

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಗೊತ್ತೈತ್ರಿ."

"ಜಲ್ದಿ ಇಳಿಯಾಂಗೂ ಕಾಣವಲ್ದು."

ಸೌಜನ್ಯ ತಲೆಯಾಡಿಸಿ, ಪಕ್ಕಕ್ಕೆ ಸರಿದು ಹೊರಟಳು. ಅವನು ಅವಳ ಮೊಣಕೈ ಹಿಡಿದ.

"ಅದು ಇಳಿಯೋ ತನಕ ಕಣ್ಣ ಮುಂದ ಇರ್ರಿ. ಇಳಿದ ಮ್ಯಾಲೂ ಎಲ್ಲಿಗೂ ಹೋಗಬ್ಯಾಡ್ರಿ."