ಬಾಗಿಲಲ್ಲಿ ಇನ್ನೂರ ಹದಿನಾಲ್ಕು ಜನ

ಬೆಳಿಗ್ಗೆ ಹತ್ತೂಕಾಲಿಗೆ ಮಲಪ್ರಭಾ ನಿರ್ಮಾಣ ವಿದ್ಯಾಪೀಠದ ಪರೀಕ್ಷಾ ಕೋಣೆಯಲ್ಲಿ ಕಸ್ತೂರಿ ಹೊಸಮನಿಯ ಓಣಿ ಎದ್ದು ನಿಂತಿತು.

ಎದ್ದದ್ದು ಬೆಳಕಿನ ಇಟ್ಟಿಗೆಗಳಲ್ಲಿ. ಅವಳು ಹಿಂದಿನ ವಾರ ಕೊಟ್ಟಿದ್ದ ನಕ್ಷೆಯನ್ನು ವಾಸದರ್ಶಕ ಯಂತ್ರ ಓದಿಕೊಂಡು, ಮೊಣಕಾಲೆತ್ತರದ ಹದಿನಾಲ್ಕು ಮನೆಗಳನ್ನು ನೆಲದ ಮೇಲೆ ಕಟ್ಟಿತು. ಆಮೇಲೆ ಗೇಣುದ್ದದ ನೆರಳುವಾಸಿಗಳು ಹುಟ್ಟಿಕೊಂಡು ಮನೆಗಳ ಒಳಹೊಕ್ಕು ಒಲೆ ಹಚ್ಚಿದರು. ಅರ್ಧ ಗಂಟೆಯಲ್ಲಿ ಅವರು ಅಲ್ಲಿ ಮೂವತ್ತು ವರ್ಷ ಬಾಳಿ ತೋರಿಸಬೇಕು. ಕಸ್ತೂರಿ ಗಾಜಿನ ಗೋಡೆಯ ಈಚೆ ನಿಂತು, ಕಿವಿಗೆ ಆಲಿಕೆಯ ಗುಂಡಿ ಸಿಕ್ಕಿಸಿಕೊಂಡು, ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತಿದ್ದಳು. ಬೆರಳು ಆಗಲೇ ನೀಲಿಗಟ್ಟಿತ್ತು.

ಈ ಯಂತ್ರ ಬಂದು ಎಂಟು ವರ್ಷವಾಗಿತ್ತು. ಅದಕ್ಕೂ ಮುಂಚೆ ವಾಸ್ತುಶಿಲ್ಪ ಓದಬಯಸುವವರಿಗೆ ಚಿತ್ರ ಬಿಡಿಸುವ ಪರೀಕ್ಷೆಯಿತ್ತು. ಚೆಂದದ ಚಿತ್ರ ಬಿಡಿಸಿದವರು ಪದವಿ ಪಡೆದು, ಕಪಾಟಿನ ಬಾಗಿಲು ತೆರೆದರೆ ಮಂಚಕ್ಕೆ ಬಡಿಯುವಂಥ ಮನೆಗಳನ್ನು ಕಟ್ಟಿದರು. ಆದ್ದರಿಂದ ವಿದ್ಯಾಪೀಠದವರು ಮೊದಲು ಬಾಳಿ ನೋಡುವುದು, ಆಮೇಲೆ ಸೀಟು ಕೊಡುವುದು ಎಂದು ನಿಶ್ಚಯಿಸಿದರು. ಮನೆಯೊಳಗಿನ ಬಾಳುವೆ ಚೆನ್ನಾಗಿದ್ದರೆ ವಾಸ್ತುಶಿಲ್ಪಕ್ಕೆ ಅಂಕ. ಹಿಡಿಕೆ, ಕಿಟಕಿ, ಮೆಟ್ಟಿಲುಗಳು ಕೈಕಾಲಿಗೆ ಒಗ್ಗಿದರೆ ವಿನ್ಯಾಸಕ್ಕೆ ಅಂಕ. ಬೀದಿಯ ಬಾಳುವೆ ಚೆನ್ನಾಗಿದ್ದರೆ ನಗರ ಯೋಜನೆಗೆ ಅಂಕ. ಅರವತ್ತು ಬಂದವರಿಗೆ ಆಯಾ ಪದವಿಯಲ್ಲಿ ಪ್ರವೇಶ.

ಮೂವತ್ತು ವರ್ಷಗಳ ಹೆಜ್ಜೆ ಹೆಜ್ಜೆಯನ್ನೂ ಗಣಿಸಲು ಯಾವ ಯಂತ್ರಕ್ಕೂ ತ್ರಾಣವಿಲ್ಲ. ಅದಕ್ಕಾಗಿ ಯಂತ್ರದ ನಿರ್ಮಾತೃ ಡಾ. ವಿಕ್ರಾಂತ ಮುಜುಂದಾರರು ಒಂದು ಉಪಾಯ ಹೂಡಿದ್ದರು. ಮನುಷ್ಯ ಏನು ಮಾಡುವ ಮೊದಲೂ ಅದನ್ನು ಬಾಯಲ್ಲಿ ಹೇಳುತ್ತಾನೆ. ‘ಮಲಗುತ್ತೇನೆ’ ಎಂದವನು ಮಲಗುತ್ತಾನೆ, ‘ಬರುತ್ತೇನೆ’ ಎಂದವನು ಬರುತ್ತಾನೆ. ಹಾಗಾಗಿ ಯಂತ್ರ ನೆರಳುವಾಸಿಗಳ ಮಾತನ್ನು ಮಾತ್ರ ಆಲಿಸಿ, ಅದರಂತೆ ಅವರನ್ನು ನಡೆಸುತ್ತಿತ್ತು. ಮಾತುಗಳನ್ನು ಹುಬ್ಬಳ್ಳಿಯ ಓಣಿ ಓಣಿ ತಿರುಗಿ ಧ್ವನಿಮುದ್ರಿಸಿ ತಂದಿದ್ದರು. ಅರ್ಥಗಳನ್ನು ಡಾಕ್ಟರರು ನಿಘಂಟು ನೋಡಿ ತಾವೇ ತುಂಬಿದ್ದರು. ಅವರು ನಾಗಪುರದಲ್ಲಿ ಬೆಳೆದವರು. ಕನ್ನಡವನ್ನು ಪುಸ್ತಕಗಳಿಂದ ಕಲಿತು, ಪುಸ್ತಕದಂತೆಯೇ ಮಾತಾಡುವವರು.

ಎಂಟು ವರ್ಷದಲ್ಲಿ ಯಂತ್ರ ಎರಡು ಸಂಗತಿಗಳನ್ನು ಹೊರಗೆಡಹಿತ್ತು. ಒಂದು, ಈ ಸೀಮೆಯ ಮನೆಗಳಿಗೆಲ್ಲ ಒಂದೇ ರೋಗ: ‘ಬಾಗಿಲಲ್ಲಿ ದಟ್ಟಣೆ’. ಎರಡು, ಈ ಸೀಮೆಯವರಿಗೆ ನಗರ ಯೋಜನೆಯ ಗಂಧವಿಲ್ಲ. ಆ ವಿಭಾಗಕ್ಕೆ ಒಬ್ಬರೂ ಆಯ್ಕೆಯಾಗಿರಲಿಲ್ಲ. ಅಲ್ಲಿನ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಲ್ಲದೆ ಹಿತ್ತಲಲ್ಲಿ ಬದನೆ ಬೆಳೆದು ಬಹುಮಾನ ಪಡೆದಿದ್ದರು. ಊರಿನ ಕೋಚಿಂಗ್ ತರಗತಿಯವರು ಮೊದಲನೆಯ ರೋಗಕ್ಕೆ ಮದ್ದು ಕಂಡುಹಿಡಿದಿದ್ದರು: ಹದಿನಾರು ಅಡಿ ಅಗಲದ ಬಾಗಿಲು. ಅಡಿಗೆಮನೆ ಇರಲಿ ಬಿಡಲಿ, ಬಾಗಿಲು ಹದಿನಾರು ಅಡಿ ಇರಲಿ ಎಂದು ಉರು ಹೊಡೆಸುತ್ತಿದ್ದರು.

ಕಸ್ತೂರಿ ಕೋಚಿಂಗಿಗೆ ಹೋದವಳಲ್ಲ. ಹಗಲು ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಫರಶಿ ತೋರಿಸುತ್ತಿದ್ದಳು. ಸಂಜೆ ನಕ್ಷೆ ಬರೆಯುವ ತರಗತಿಗೆ ಹೋಗಿ ಸರ್ಟಿಫಿಕೇಟು ತೆಗೆದುಕೊಂಡಿದ್ದಳು. ಹುಟ್ಟಿದಾಗಿನಿಂದ ಹನ್ನೊಂದು ಬಾಡಿಗೆ ಮನೆ ಬದಲಿಸಿದ್ದ ಆಕೆಗೆ ಮನೆ ಕಟ್ಟುವುದನ್ನು ಕಲಿಯಬೇಕೆಂಬುದೊಂದೇ ಹಂಬಲ. ಅರ್ಜಿಯಲ್ಲಿ ಮೊದಲ ಆಯ್ಕೆ ‘ವಾಸ್ತುಶಿಲ್ಪ’ ಎಂದು ಬರೆದು, ಎರಡನೆಯದನ್ನು ಖಾಲಿ ಬಿಟ್ಟಿದ್ದಳು. ಮನಸ್ಸಿಲ್ಲದ್ದನ್ನು ಬರೆದರೆ ಸುಳ್ಳು ಹೇಳಿದಂತಾಗುತ್ತದೆಯೋ ಏನೋ ಎಂದು ಅವಳಿಗೆ ದಿಗಿಲು. ಎರಡು ಸಲ ಫೇಲಾಗಿದ್ದಳು. ಸಂಜೆ ಪದವಿಗೆ ವಯಸ್ಸಿನ ಮಿತಿ ಮೂವತ್ತೈದು. ಅವಳಿಗೆ ಮೂವತ್ತನಾಲ್ಕು ವರ್ಷ ಹತ್ತು ತಿಂಗಳು. ಇದಾದರೆ ಇದು, ಇಲ್ಲದಿದ್ದರೆ ಜೀವಮಾನವಿಡೀ ಫರಶಿ.

ಈ ಸಲ ಅವಳು ಬಹಳ ಯೋಚಿಸಿದ್ದಳು. ಜನ ಬಾಗಿಲಲ್ಲಿ ನಿಲ್ಲುತ್ತಾರೆಂದರೆ ಬಾಗಿಲು ಹಿಗ್ಗಿಸಿ ಏನು ಫಲ? ನಿಂತವರಿಗೆ ಕೂರಲು ಜಾಗ ಕೊಡಬೇಕು. ಹೀಗೆಂದು ಪ್ರತಿ ಮನೆಯ ಮುಂದೆ ಮಾಡಿನ ಕೆಳಗೆ ಉದ್ದನೆಯ ಕಟ್ಟೆ ಎಳೆದಿದ್ದಳು. ಒಳಗಿನ ಕೋಣೆಗಳಿಂದ ಒಂದಿಷ್ಟೊಂದಿಷ್ಟು ಕದ್ದು ಕಟ್ಟೆಗೆ ಸೇರಿಸಿದ್ದಳು.

ಹದಿನೆಂಟನೆಯ ನಿಮಿಷದ ಹೊತ್ತಿಗೆ, ಅಂದರೆ ಹದಿನೆಂಟನೆಯ ವರ್ಷಕ್ಕೆ, ಅವಳ ಕಿವಿಯಲ್ಲಿ ಒಬ್ಬ ನೆರಳುಮುದುಕಿಯ ದನಿ ಬಿತ್ತು. ಮೂರನೆಯ ಮನೆಗೆ ಅರಿಶಿನ ಕುಂಕುಮಕ್ಕೆ ಬಂದಿದ್ದವಳು ಎದ್ದು ಹೊಸ್ತಿಲು ದಾಟಿ ಹೇಳಿದಳು:

“ನಾ ಇನ್ನ ಬರ್ತೀನವಾ.”

“ಹೂಂ, ಬರ್ರಿ,” ಎಂದಳು ಮನೆಯವಳು.

ಮುದುಕಿ ತಿರುಗಿ ಬಾಗಿಲಿಗೆ ಬಂದು ಕಟ್ಟೆಯ ಮೇಲೆ ಕೂತಳು. ಮತ್ತೆ ಎದ್ದಳು. “ಬರ್ತೀನವಾ.” “ಬರ್ರಿ.” ಮತ್ತೆ ಬಂದಳು. ಅವಳ ಪಕ್ಕದಲ್ಲಿ ಹೋದ ವರ್ಷದ, ಅದರ ಹಿಂದಿನ ವರ್ಷದ ಅತಿಥಿಗಳೆಲ್ಲ ಸಾಲಾಗಿ ಕೂತಿದ್ದರು. ಕಸ್ತೂರಿ ಎಣಿಸಿದಳು. ಮೂವತ್ತು ವರ್ಷ ಮುಗಿಯುವಾಗ ಆ ಒಂದೇ ಬಾಗಿಲಲ್ಲಿ ಇನ್ನೂರ ಹದಿನಾಲ್ಕು ಜನ ಇದ್ದರು. ಹದಿನಾಲ್ಕು ಮನೆಗಳಿಗೆ ಬಂದವರಲ್ಲಿ ಒಬ್ಬರೂ ಮರಳಿ ಬೀದಿ ಮುಟ್ಟಿರಲಿಲ್ಲ.

ಗಂಟೆ ಹೊಡೆಯಿತು. ಫಲಕದ ಮೇಲೆ ಅಂಕ ಮೂಡಿತು: ವಾಸ್ತುಶಿಲ್ಪ ತೊಂಬತ್ತಾರು. ವಿದ್ಯಾಪೀಠದ ಇತಿಹಾಸದಲ್ಲೇ ಅಷ್ಟು ಯಾರಿಗೂ ಬಂದಿರಲಿಲ್ಲ. ಪಕ್ಕದಲ್ಲಿದ್ದ ರೇಷ್ಮಾ ನದಾಫ್ ಎಂಬ ಹುಡುಗಿ, ಹನ್ನೊಂದು ಅಂಕ ಬಂದು ಮೂಗು ಕೆಂಪು ಮಾಡಿಕೊಂಡಿದ್ದವಳು, ಅವಳ ಕೈ ಕುಲುಕಿದಳು. “ನಿಮ್ಮ ಮನಿಗೆ ಬಂದವ್ರು ಪುಣ್ಯಾ ಮಾಡ್ಯಾರ ಬಿಡ್ರಿ ಅಕ್ಕಾರ. ನಮ್ಮ ಮನ್ಯಾಗ ಒಬ್ಬರ ಮ್ಯಾಲೆ ಒಬ್ಬರು ನಿಂತಿದ್ರು.”

ಕಸ್ತೂರಿ ಗೇಟಿನವರೆಗೆ ಹೋದಳು. ಯಂತ್ರ ತಪ್ಪು ತಿಳಿದುಕೊಂಡಿದೆ ಎಂದು ಹೇಳಲು ನಾನು ಯಾರು? ಫರಶಿ ಮಾರುವವಳು. ನನ್ನ ಕಿವಿಯೇ ತಪ್ಪಿರಬಹುದು. ಇನ್ನೂ ಎರಡು ಹೆಜ್ಜೆ ಹಾಕಿದಳು. ಆದರೆ ನನ್ನ ತೊಂಬತ್ತಾರೂ ಆ ಹುಡುಗಿಯ ಹನ್ನೊಂದೂ ಎರಡೂ ಅದೇ ತಪ್ಪಿನಿಂದ ಬಂದವಲ್ಲ? ಕಾಲು ಮುಂದೆ ಬರಲಿಲ್ಲ. ತನ್ನನ್ನು ತಾನೇ ಬೈದುಕೊಳ್ಳುತ್ತ ವಾಪಸು ಬಂದು ಡಾಕ್ಟರರ ಕೋಣೆಯ ಬಾಗಿಲು ತಟ್ಟಿದಳು.

“ದಯಮಾಡಿ ಒಳಗೆ ಆಗಮಿಸಿ,” ಎಂದರು ಮುಜುಂದಾರರು. “ತಮಗೆ ಹಾರ್ದಿಕ ಅಭಿನಂದನೆಗಳು. ಆಸೀನರಾಗಿ.”

“ಸರ್, ಒಂದ ಮಾತ ಕೇಳ್ತೀನಿ. ತಪ್ಪಿದ್ರ ಬೈಬ್ಯಾಡ್ರಿ.”

“ಕೇಳೋಣವಾಗಲಿ.”

“ಆ ಮುದುಕಿ ಬರ್ತೀನಿ ಅಂದ್ಲಲ್ರಿ, ಆಕಿ ಬಂದಿದ್ದಲ್ಲ. ಹೊಂಟಿದ್ದು.”

ಮುಜುಂದಾರರು ಕನ್ನಡಕ ತೆಗೆದು ಒರೆಸಿಕೊಂಡರು. “ಬರುತ್ತೇನೆ ಎಂದರೆ ಆಗಮನ. ಆಕೆ ಹೊರಡುವುದಾದರೆ ಹೋಗುತ್ತೇನೆ ಎನ್ನಬೇಕಿತ್ತು.”

“ಯಾರೂ ಹಂಗ ಅನ್ನಂಗಿಲ್ರಿ ಸರ್. ಹೋಗೂದಂದ್ರ ಅದು ಬ್ಯಾರೆ ಹೋಗೂದು. ಹೋಗಿ ಬರ್ತೀನಿ ಅಂತೀವಿ. ಹೋಗಿ ಅನ್ನೂದನ್ನ ನುಂಗಿ ಬರ್ತೀನಿ ಅಂತೀವಿ.”

“ಆದರೆ ಮನೆಯಾಕೆ ಬನ್ನಿ ಎಂದು ಕರೆಯುತ್ತಾಳಲ್ಲ!”

“ಅದು ಕಳಿಸಿಕೊಡೂದ್ರಿ.”

ಎಂಟು ವರ್ಷದ ದಟ್ಟಣೆಯೆಲ್ಲ ಡಾಕ್ಟರರ ಮುಖದ ಮೇಲೆ ಹಾದುಹೋದಂತಾಯಿತು. “ಹಾಗಾದರೆ ಎಂಟು ವರ್ಷಗಳಿಂದ ಈ ಯಂತ್ರದೊಳಗೆ ಯಾರೂ ತಮ್ಮ ಮನೆಗೆ ಹೋಗಿಲ್ಲ,” ಎಂದರು ಮೆಲ್ಲಗೆ. ಆಮೇಲೆ ಅವಳ ಕಡೆ ನೋಡಿ, “ಇದನ್ನು ತಿದ್ದಿದರೆ ತಮ್ಮ ಅಂಕ ಉಳಿಯದಿರಬಹುದು. ತಮಗೆ ಇದು ಕೊನೆಯ ಅವಕಾಶವಲ್ಲವೆ?”

“ಹೌದ್ರಿ,” ಎಂದಳು ಕಸ್ತೂರಿ. “ತಿದ್ರಿ ಸರ್. ಲಗೂನ ತಿದ್ರಿ. ಇನ್ನೊಂದ ನಿಮಿಷ ನಿಂತ್ರ ಬ್ಯಾಡ ಅಂದೇನು ನಾ.”

ವಿಜ್ಞಾನಿಗೆ ತಿದ್ದುಪಡಿ ಸುಲಭವೆನಿಸಿತು. ಹೊರಡುವಾಗಿನ ‘ಬರ್ತೀನಿ’ಯನ್ನೆಲ್ಲ ಅಳಿಸಿ ‘ಹೋಗುತ್ತೇನೆ’ ಎಂದು ತುಂಬಿದರು. ಓಣಿ ಮತ್ತೆ ಎದ್ದಿತು. ಮೊದಲ ವರ್ಷದ ಮೊದಲ ಅತಿಥಿ, ಹೊಸದಾಗಿ ಮದುವೆಯಾದ ಅಳಿಯ, ಊಟ ಮುಗಿಸಿ ಕೈ ಮುಗಿದು ಸ್ಪಷ್ಟವಾಗಿ ಹೇಳಿದ: “ನಾನು ಹೋಗುತ್ತೇನೆ.”

ಮನೆಯಲ್ಲಿ ಹಾಹಾಕಾರವಾಯಿತು. ಅತ್ತೆ ಲಟ್ಟಣಿಗೆ ಹಿಡಿದೇ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. “ಏನ್ ಮಾತದು? ಬಿಡ್ತು ಅನ್ನಪಾ! ಬಿಡ್ತು ಅನ್ನು!” ಮಾವ ಅವನ ತೋಳು ಹಿಡಿದು ಒಳಗೆಳೆದು ಚಾಪೆಯ ಮೇಲೆ ಕೂರಿಸಿದ. ಮಗಳು ಅಳತೊಡಗಿದಳು. ನೆರಳುವಾಸಿಗಳ ಮಾತುಗಳೆಲ್ಲ ನಿಜವಾದ ಓಣಿಗಳಿಂದ ಬಂದವು. ಅಂಥ ಮಾತಿಗೆ ಏನನ್ನಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತನೆಯ ವರ್ಷದ ಹೊತ್ತಿಗೆ ಪ್ರತಿ ಮನೆಯ ಅತಿಥಿಗಳನ್ನೂ ಒಳಗೆಳೆದು, ಚಹಾ ಕೊಟ್ಟು, ‘ಬಿಡ್ತು’ ಎನ್ನಿಸಲು ಹೆಣಗುತ್ತಿದ್ದರು. ಗೋಡೆಗಳು ಉಬ್ಬಿದವು. ಫಲಕದಲ್ಲಿ ಏಳು ಅಂಕ ಮೂಡಿತು.

“ಇದೇನು ಬಿಡ್ತು?” ಎಂದು ಮುಜುಂದಾರರು ಹಣೆ ಒರೆಸಿಕೊಂಡರು.

“ಅಶುಭದ ಮಾತು ಬಾಯಾಗ ಬಂದ್ರ ಹಿಂಗ ಅನಸ್ತಾರ್ರಿ. ಆ ಮಾತು ಅವರನ್ನ ಬಿಟ್ಟು ಹೋಗಲಿ ಅಂತ.” ಕಸ್ತೂರಿಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. “ಮಾತಿಗೆ ಕೈ ಹಚ್ಚಬ್ಯಾಡ್ರಿ ಸರ್. ಎಣಿಸ್ರಿ. ಮೊದಲನೇ ಬರ್ತೀನಿ ಕುಂತಲ್ಲೇ ಅಂತಾರ. ಅದಕ್ಕ ಅರ್ಥಿಲ್ಲ. ಎರಡನೇದು ನಿಂತು ಅಂತಾರ, ಆಗ ಖರೇ ಮಾತು ಸುರು. ಮೂರನೇದು ಚಪ್ಪಲಿ ಮೆಟ್ಟಿ. ಮೂರನೇದಕ್ಕ ಹೊಂಟ್ರಂತ ತಿಳೀರಿ.”

“ಎರಡಕ್ಕೂ ಮೂರಕ್ಕೂ ನಡುವೆ ಎಷ್ಟು ಕಾಲ?”

“ಅದು ವಿಷಯದ ಮ್ಯಾಲ್ರಿ. ಹವಾಮಾನ ಅಂದ್ರ ಐದು ನಿಮಿಷ. ಮದವಿ ಮಾತು ಅಂದ್ರ ಹಾಲು ಉಕ್ಕಿ ಒಲಿ ಆರೂತನಾ.”

ಮುಜುಂದಾರರು ಅದನ್ನು ‘ತ್ರಿವಾರ ನಿರ್ಗಮನ ನಿಯಮ’ ಎಂದು ಬರೆದುಕೊಂಡು ಯಂತ್ರಕ್ಕೆ ಉಣಿಸಿದರು. ಮೂರನೆಯ ಸಲ ಓಣಿ ಎದ್ದಿತು. ಅದೇ ಮುದುಕಿ, ಈ ಸಲ ಎಲ್ಲರಿಗಿಂತ ಮೊದಲೇ ಅತಿಥಿಯಾಗಿ ಬಂದವಳು, ಮೂರನೆಯ ‘ಬರ್ತೀನಿ’ ಹೇಳಿ, ಚಪ್ಪಲಿ ಮೆಟ್ಟಿ, ಮಾಡಿನ ಕೆಳಗಿಂದ ಬೀದಿಗಿಳಿದಳು. ಎಂಟು ವರ್ಷಗಳಲ್ಲಿ ಯಂತ್ರದ ಬೀದಿಗೆ ಇಳಿದ ಮೊದಲ ಅತಿಥಿ ಅವಳೇ. ನಾಲ್ಕು ಹೆಜ್ಜೆ ನಡೆದವಳನ್ನು ಮುಂದಿನ ಕಟ್ಟೆಯಿಂದ ಯಾರೋ ಕೂಗಿದರು. ಅವಳು ಅಲ್ಲಿ ಕೂತಳು. ಕಾಯಿಪಲ್ಯದವಳು ಬುಟ್ಟಿ ಇಳಿಸಿದಳು. ಜಗಳವಾಡಿದ ಇಬ್ಬರು ಒಂದೇ ನೆರಳಿಗೆ ಬೆನ್ನು ತಿರುಗಿಸಿ ಕೂತು, ಎರಡು ವರ್ಷದ ಮೇಲೆ ಮುಖ ತಿರುಗಿಸಿದರು.

ಅಂಕ ಮೂಡಿತು. ವಾಸ್ತುಶಿಲ್ಪ ಐವತ್ತೆರಡು.

ಅರವತ್ತಕ್ಕೆ ಎಂಟು ಕಡಿಮೆ ಎಂದು ಕಸ್ತೂರಿ ಬೆರಳು ಮಡಿಸಿ ಎಣಿಸಿದಳು.

“ಮನೆಯ ಜಾಗವನ್ನು ತಾವು ಕಟ್ಟೆಗೆ ಕೊಟ್ಟುಬಿಟ್ಟಿದ್ದೀರಿ,” ಎಂದರು ಮುಜುಂದಾರರು ಸಂಕೋಚದಿಂದ. “ಮಲಗಿದವರ ಕಾಲು ಅಡಿಗೆಮನೆಯಲ್ಲಿವೆ. ಬಾಗಿಲಿನ ದಟ್ಟಣೆಯನ್ನೇ ಅಳೆಯುತ್ತಿದ್ದ ಯಂತ್ರಕ್ಕೆ ಇದುವರೆಗೆ ಅದು ಕಾಣಲಿಲ್ಲ. ಆದರೆ ಕೆಳಗಿನ ಸಾಲು ನೋಡಿ.”

ಕೆಳಗಿನ ಸಾಲಿನಲ್ಲಿ ಯಾವಾಗಲೂ ಸೊನ್ನೆ ಇರುತ್ತಿದ್ದುದರಿಂದ ಅದನ್ನು ಯಾರೂ ಓದುವ ರೂಢಿ ಇರಲಿಲ್ಲ. ನಗರ ಯೋಜನೆ: ಎಂಬತ್ತೆಂಟು.

“ಅಂದ್ರ ನನಗ ಮನಿ ಕಟ್ಟಾಕ ಬರಂಗಿಲ್ಲ.”

“ಐವತ್ತೆರಡರಷ್ಟು ಬರುತ್ತದೆ.”

ಅವಳು ನಕ್ಕುಬಿಟ್ಟಳು. ಆಮೇಲೆ ಗಾಜಿಗೆ ಹಣೆಯೂರಿ ಇನ್ನೂ ಆರದ ತನ್ನ ಓಣಿಯನ್ನು ನೋಡಿದಳು. ತಾನು ಬೆಳೆದ ಹನ್ನೊಂದು ಬಾಡಿಗೆ ಮನೆಗಳಲ್ಲಿ ಒಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಿತ್ತು. ಒಳಗೆ ಅವ್ವ ಪಿಸುಮಾತಿನಲ್ಲಿ ಬದುಕುತ್ತಿದ್ದಳು. ಗಟ್ಟಿಯಾಗಿ ನಗುತ್ತಿದ್ದದ್ದು ಹೊರಗೆ, ಯಾರದೋ ಕಟ್ಟೆಯ ಮೇಲೆ, ಎರಡನೆಯ ಬರ್ತೀನಿಗೂ ಮೂರನೆಯದಕ್ಕೂ ನಡುವೆ. ತನಗೆ ಗೊತ್ತಿದ್ದದ್ದು ಅದೊಂದೇ ಜಾಗ, ಗೊತ್ತಿರುವುದನ್ನೇ ಬರೆದಿದ್ದಳು. ಮನೆಯ ಆಸೆ ಹೋಯಿತು ಎಂದು ಎದೆ ಒಂದು ಸಲ ಜಗ್ಗಿತು. ಅದು ಸುಳ್ಳಲ್ಲ.

“ಎರಡನೇ ಆಯ್ಕೆ ಖಾಲಿ ಬಿಟ್ಟೀನ್ರಿ. ಈಗ ಬರದ್ರ ನಡೀತೈತೇನ್ರಿ? ನಿಯಮದಾಗ ಇಲ್ಲಂದ್ರ ಬ್ಯಾಡ್ರಿ.”

“ಅವಶ್ಯ ಬರೆಯಿರಿ. ತಪ್ಪು ಯಂತ್ರದ್ದು. ಅನುತ್ತೀರ್ಣರಾದ ಎಲ್ಲರನ್ನೂ ಮರುಪರೀಕ್ಷೆಗೆ ಕರೆಯುತ್ತೇನೆ. ಆ ಕೆಂಪು ಮೂಗಿನ ಹುಡುಗಿಯನ್ನೂ. ಕಾರಣವನ್ನು ಒಂದು ಸಾಲಿನಲ್ಲಿ ನಮೂದಿಸಿ.”

ಕಸ್ತೂರಿ ‘ನಗರ ಯೋಜನೆ’ ಎಂದು ಬರೆದಳು. ಕಾರಣದ ಜಾಗದಲ್ಲಿ ಬಹಳ ಯೋಚಿಸಿ, ‘ಹೊರಟವರಿಗೂ ಕೂರಲು ಜಾಗ ಬೇಕು’ ಎಂದು ಬರೆದು, ವಾಕ್ಯ ಸರಿಯಿದೆಯೋ ಇಲ್ಲವೋ ಎಂದು ಎರಡು ಸಲ ಓದಿಕೊಂಡಳು.

ಅರ್ಜಿ ರಾಜಧಾನಿಯ ಕಚೇರಿಗೆ ಹೋಗಿ, ಹದಿನೈದು ದಿನದ ಮೇಲೆ ಒಂದು ಟಿಪ್ಪಣಿಯೊಂದಿಗೆ ಮರಳಿತು: ‘ಎಂಟು ವರ್ಷ ವಿದ್ಯಾರ್ಥಿಗಳಿಲ್ಲದ ಕಾರಣ ನಗರ ಯೋಜನೆ ವಿಭಾಗವನ್ನು ಮುಚ್ಚಬಾರದೇಕೆ? ವಿವರಣೆ ನೀಡಿ.’

ಮುಜುಂದಾರರು ಕಸ್ತೂರಿಗೆ ಸೀಟು ಕೊಟ್ಟು, ಆ ಪ್ರವೇಶಪತ್ರವನ್ನು ಲಗತ್ತಿಸಿದರು. ವಿವರಣೆಯ ಜಾಗದಲ್ಲಿ ಎರಡೇ ಪದ ಬರೆದು ಸಹಿ ಹಾಕಿದರು:

‘ಬಿಡ್ತು ಅನ್ನಿ.’