ಅರಿಶಿನದ ಗಿರಣಿಯಲ್ಲಿ ನಡೆದ ಹಲ್ಲೆ

ಗಿರಣಿ ಓಡುತ್ತಿತ್ತು. ಆದರೆ ಬೀಸುವ ಸದ್ದಿರಲಿಲ್ಲ, ಬರೀ ಕರಕರ. ಪಕ್ಕದಂಗಡಿಯ ಟೈಲರ್‌ಗೆ ಅನುಮಾನ ಬಂತು. ಗಿರಣಿ ಅಕ್ಕ ಯಾವತ್ತೂ ಮೆಷಿನ್ ಖಾಲಿ ಓಡಿಸಿದವಳಲ್ಲ. ಹೋಗಿ ಇಣುಕಿದ. ಅಕ್ಕ ಅಂಗಾತ ಬಿದ್ದಿದ್ದಳು. ತಲೆಯ ಹಿಂದೆ ರಕ್ತ. ಉರುಳಿದ ಡ್ರಮ್ಮಿನಿಂದ ಆಗತಾನೇ ಬೀಸಿದ ಅರಿಶಿನದ ಪುಡಿ ಕೋಣೆ ತುಂಬ ಚೆಲ್ಲಿತ್ತು.

ಇನ್‌ಸ್ಪೆಕ್ಟರ್ ಮೇಡಂ ಬರುವಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿತ್ತು. ಉಸಿರಿದೆ, ಪ್ರಜ್ಞೆಯಿಲ್ಲ ಎಂದು ಕಾನ್‌ಸ್ಟೆಬಲ್ ಹೇಳಿದ. ಮೇಡಂ ಕುಕ್ಕುರುಗಾಲಲ್ಲಿ ಕೂತು ನೆಲ ನೋಡಿದರು. ಮೆಷಿನ್ ಪಕ್ಕ ಪುಡಿಯಲ್ಲಿ ಯಾರೋ ಜಾರಿದ ಗುರುತು. ಎರಡು ಅಂಗೈ, ಎರಡು ಮೊಣಕೈ. ಬೋರಲು ಬಿದ್ದವರದು.

“ಇದು ಅಕ್ಕನದಲ್ಲ,” ಎಂದರು.

* * *

ಎಲ್ಲರ ಬೆರಳೂ ಅಕ್ಕನ ತಮ್ಮನ ಕಡೆಗೇ. ಬೆಳಿಗ್ಗೆ ಅಕ್ಕ-ತಮ್ಮ ಜಗಳವಾಡಿದ್ದು ಬೀದಿಗೇ ಕೇಳಿಸಿತ್ತು. ಅವನ ಅಂಗಿಯೂ ಹಳದಿ. ಆದರೆ ಗಿರಣಿ ಕೆಲಸದವನ ಅಂಗಿ ಇನ್ನೇನು ಬಣ್ಣವಿರುತ್ತದೆ? ಮೆಷಿನ್‌ಗೆ ಹೊಸ ಬೆಲ್ಟ್ ತರಲು ಹೋಗಿದ್ದೆ ಎಂದ. ಬೆಲ್ಟ್ ಅಂಗಡಿಯವನು ಹೌದೆಂದ.

ಜಗಳ ಯಾಕೆ ಎಂದು ಕೇಳಿದಾಗ ತಮ್ಮ ನಡೆದದ್ದನ್ನು ಹೇಳಿದ. ಪುಡಿ ವ್ಯಾಪಾರಿಯೊಬ್ಬ ಗಿರಣಿಯ ಹೆಸರು ಹಾಕಿ ಅರಿಶಿನದ ಪೊಟ್ಟಣ ಮಾರುತ್ತಿದ್ದ. ಗಿರಾಕಿಯೊಬ್ಬಳು ಒಂದನ್ನು ವಾಪಸು ತಂದು ಅಕ್ಕನ ಮುಂದಿಟ್ಟಿದ್ದಳು. ಬಣ್ಣ ಬೆಂಕಿ, ವಾಸನೆ ಸೊನ್ನೆ. ಅಕ್ಕ ಮೂಸಿದವಳೇ ಕೆರಳಿದ್ದಳು. ಮಣ್ಣಿನಿಂದ ಗೆಡ್ಡೆ ಅಗೆದು, ಬೇಯಿಸಿ, ವಾರಗಟ್ಟಲೆ ಒಣಗಿಸಿ ಕೊಡ್ತಾರೆ ಜನ, ಇವನು ಪೇಂಟು ಮಾರ್ತಾನೆ ಅಂದಿದ್ದಳು. ಅಡುಗೆಗೆ, ಕೆಮ್ಮಿದ ಮಗುವಿನ ಬಿಸಿಹಾಲಿಗೆ, ಕೊಯ್ದ ಬೆರಳಿಗೆ, ಎಲ್ಲದಕ್ಕೂ ಬಳಸುವ ಪುಡಿ. ದೂರು ಕೊಟ್ಟೇ ಕೊಡ್ತೀನಿ ಎಂದು ಹಟ ಹಿಡಿದಿದ್ದಳು.

“ಸುಮ್ಮನೆ ಯಾಕೆ ಅವನ ಗೊಡವೆ ಅಂತ ನಾನೇ ಅಡ್ಡ ಬಂದೆ ಮೇಡಂ,” ಎಂದು ತಮ್ಮ ಮುಖ ಮುಚ್ಚಿಕೊಂಡ.

* * *

ವ್ಯಾಪಾರಿಯ ಮನೆ ಅಂಗಡಿಯ ಹಿಂದೆಯೇ. ಗಿರಣಿ ಕಡೆ ತಲೆ ಹಾಕಿ ತಿಂಗಳಾಯ್ತು ಎಂದ. ಹಿತ್ತಲ ತಂತಿಯ ಮೇಲೆ ಬಿಳಿ ಅಂಗಿ ಒಣಗುತ್ತಿತ್ತು. ಮುಂಗೈಯಿಂದ ಮೊಣಕೈವರೆಗೆ, ಎರಡೂ ತೋಳಿನಲ್ಲಿ ಕೆಂಪು ಕಲೆ.

“ರಕ್ತ, ಮೇಡಂ,” ಎಂದು ಕಾನ್‌ಸ್ಟೆಬಲ್ ಪಿಸುಗುಟ್ಟಿದ.

ತುಕ್ಕು ಎಂದ ವ್ಯಾಪಾರಿ. ಕಬ್ಬಿಣದ ಶಟರ್‌ಗೆ ಒರಗಿದ್ದನಂತೆ.

ಮೇಡಂ ಅವನ ಹೆಂಡತಿಯ ಹತ್ತಿರ ಒಂದು ನಿಂಬೆಹಣ್ಣು ಕೇಳಿ ಪಡೆದರು. ಹೋಳು ಮಾಡಿ ಕಲೆಯ ಮೇಲೆ ಹಿಂಡಿದರು. ಕೆಂಪು ಹೋಯಿತು. ಅಚ್ಚ ಹಳದಿ ಎದ್ದು ಬಂತು.

ವ್ಯಾಪಾರಿ ತಕ್ಷಣ ನಕ್ಕ. “ಹೌದು, ಅರಿಶಿನ. ನಾನು ಮಾರೋದೇ ಅದನ್ನ. ಮೈಗೆ ಹತ್ತದೆ ಇರುತ್ತಾ?”

“ನೀವೇ ಒಪ್ಪಿಕೊಂಡ್ರಲ್ಲ, ಒಳ್ಳೇದಾಯ್ತು,” ಎಂದರು ಮೇಡಂ.

ಅವನ ಅಂಗಡಿಯ ಪೊಟ್ಟಣವೊಂದನ್ನು ಒಡೆದು, ಬಟ್ಟಲಿನ ಸೋಪುನೀರಿಗೆ ಪುಡಿ ಸುರಿದು ಕಲಸಿದರು. ಹಳದಿ ಹಳದಿಯಾಗಿಯೇ ಉಳಿಯಿತು. ಇನ್ನೊಂದು ಒಡೆದರು. ಅದೂ ಅಷ್ಟೇ. ವ್ಯಾಪಾರಿಯ ನಗು ಆರಿತು.

“ನನ್ನ ಮಗಳ ಅಂಗಿ ಒಗೆದು ಒಗೆದು ಕಲಿತದ್ದು ಇದು,” ಎಂದರು ಮೇಡಂ. “ನಿಜವಾದ ಅರಿಶಿನ ಸೋಪು ತಾಗಿದ್ರೆ ಕೆಂಪಾಗುತ್ತೆ, ಹುಳಿ ಬಿದ್ರೆ ಹಳದಿಗೆ ತಿರುಗುತ್ತೆ. ಅವಸರದಲ್ಲಿ ಸೋಪು ಹಚ್ಚಿ, ಸರಿಯಾಗಿ ಜಾಲಾಡಿಸದೆ ಒಣಗಹಾಕಿದ್ದೀಯ. ಅಂಗಿ ಮೇಲಿರೋದು ಅಸಲಿ ಅರಿಶಿನ. ನೀನು ಮಾರೋದ್ರಲ್ಲಿ ಅದು ಒಂದು ಚಿಟಿಕೆಯೂ ಇಲ್ಲ. ಅಡುಗೆಮನೆಯಲ್ಲಿ ತಾಗಿದ್ರೆ ಎಲ್ಲೋ ಒಂದು ಕಲೆ ಇರ್ತಿತ್ತು, ಮೊಣಕೈವರೆಗೆ ಮೆತ್ತಿಕೊಳ್ತಿರಲಿಲ್ಲ. ಅಕ್ಕನ್ನ ನೂಕಿದೆ, ಡ್ರಮ್ ಉರುಳಿತು, ಓಡೋಕೆ ಹೋಗಿ ಪುಡಿಯಲ್ಲಿ ಜಾರಿದೆ.”

ಅವನು ಕಟ್ಟೆಯ ಮೇಲೆ ಕುಸಿದ. ಕೊಲ್ಲಬೇಕು ಅಂತ ಇರಲಿಲ್ಲ, ದೂರು ಬೇಡ ಅಂದ್ರೆ ಕೇಳಲಿಲ್ಲ ಎಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋದಳು. ತನ್ನ ಅಡುಗೆಮನೆಯಲ್ಲಿದ್ದ ಅಂಥದೇ ಪೊಟ್ಟಣವನ್ನು ತಂದು ಮೇಡಂ ಕೈಗಿಟ್ಟಳು.

“ನನ್ನ ಮಕ್ಕಳಿಗೂ ಇದನ್ನೇ ಹಾಕಿದ್ದೀನಿ,” ಎಂದಳು.

* * *

ಸಂಜೆ ಆಸ್ಪತ್ರೆಯಲ್ಲಿ ಅಕ್ಕನಿಗೆ ಪ್ರಜ್ಞೆ ಬಂತು. ಯಾರು ನೂಕಿದ್ದು ಎಂದು ಮೇಡಂ ಕೇಳುವ ಮುಂಚೆಯೇ ಅವಳು ಒಣಗಿದ ತುಟಿಯಲ್ಲಿ ತನ್ನ ಪ್ರಶ್ನೆ ಕೇಳಿದಳು. ಆ ಪೊಟ್ಟಣಗಳು ಎಷ್ಟು ಮನೆಗೆ ಹೋಗಿವೆ?

ಮೇಡಂ ಎದ್ದು ಹೊರಟರು. ತಮ್ಮನನ್ನು ಜೀಪಿಗೆ ಹತ್ತಿಸಿಕೊಂಡರು. ಪೊಟ್ಟಣಗಳನ್ನು ಹುಡುಕುತ್ತ ಇಬ್ಬರೂ ಗಿರಣಿ ಬೀದಿಯ ಮೊದಲ ಮನೆಯ ಬಾಗಿಲು ತಟ್ಟಿದರು.